ಕೆಂಪು ನೆಲದ ಪಾಲು

ಲೀಡ್ಸ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಗೆ ಎರಡು ಬಾಗಿಲಿದ್ದವು. ಮುಂಬಾಗಿಲು ನೋಡುವುದಕ್ಕೆ, ಹಿಂಬಾಗಿಲು ಓಡಾಡುವುದಕ್ಕೆ. ಆ ಬೀದಿಯಲ್ಲಿ ಎಲ್ಲರದೂ ಇದೇ ಪದ್ಧತಿ. ಮೀಟರ್ ಓದುವವನಿಂದ ಹಿಡಿದು ಮನೆಯೊಡತಿಯವರೆಗೆ ಎಲ್ಲರೂ ಹಿಂದಿನ ಓಣಿಯಿಂದ ಸೀದಾ ಅಡುಗೆಮನೆಗೆ ಬರುವವರೇ. ಮುಂಬಾಗಿಲಿನ ಚಿಲಕ ಸರಿಯುತ್ತಿದ್ದುದು ಮದುವೆಗೆ, ಸಾವಿಗೆ, ಚರ್ಚಿನ ಪಾದ್ರಿ ಬಂದರೆ, ಇಲ್ಲವೇ ಆಗಸ್ಟ್ ಒಂದನೇ ತಾರೀಕಿಗೆ. ಮೊದಮೊದಲು ನನಗೆ ಇದರಿಂದ ವಿಪರೀತ ಸಿಟ್ಟು ಬರುತ್ತಿತ್ತು. ಅಷ್ಟು ದೊಡ್ಡ ಕಮಾನಿನ ಬಾಗಿಲು, ಬಣ್ಣದ ಗಾಜು, ಹಿತ್ತಾಳೆಯ ಹಿಡಿ ಎಲ್ಲ ಇಟ್ಟುಕೊಂಡು ಕಸದ ಡಬ್ಬಿಯ ಪಕ್ಕದಲ್ಲಿ ನುಸುಳಿ ಒಳಗೆ ಹೋಗುವುದು ಯಾವ ಸೀಮೆ ಮರ್ಯಾದೆ? ಆಮೇಲೆ ಕಾರಣ ತಿಳಿಯಿತು. ಮುಂಬಾಗಿಲಿನ ಒಳಗಿದ್ದ ಹಜಾರದ ನೆಲವನ್ನು ಸುಮ್ಮಸುಮ್ಮನೆ ತುಳಿಯುವಂತಿರಲಿಲ್ಲ.

ಮನೆ ವಿಕ್ಟೋರಿಯಾ ಕಾಲದ್ದು. ಬಟ್ಟೆ ಗಿರಣಿಯ ಸಾಹುಕಾರನೊಬ್ಬ ಕಟ್ಟಿಸಿದ್ದಂತೆ. ಮಸಿ ಹಿಡಿದ ಕೆಂಪು ಇಟ್ಟಿಗೆ, ಮೂರು ಅಂತಸ್ತು, ಕೋಣೆಗೊಂದು ಬೆಂಕಿಗೂಡು, ಅವುಗಳಲ್ಲಿ ಒಂದೂ ಉರಿಯುತ್ತಿರಲಿಲ್ಲ. ಮನೆಯೊಡತಿ ಜಮೈಕಾದವರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿದ್ದರು, ಗಂಡ ತೀರಿಹೋಗಿದ್ದರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಅವರು ನನ್ನನ್ನು ಡಾರ್ಲಿಂಗ್ ಎನ್ನುತ್ತಿದ್ದರು, ಸಿಟ್ಟು ಬಂದರೆ ಮೇಡಂ. ಎರಡು ಸಾವಿರನೇ ಇಸವಿ ಬಂದ ಕೂಡಲೇ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂಬ ಗುಲ್ಲೆದ್ದಿದ್ದ ಕಾಲದಲ್ಲಿ ನನ್ನ ಕಂಪನಿ ನನ್ನನ್ನು ಮೈಸೂರಿನಿಂದ ಎತ್ತಿ ತಂದು ಅಲ್ಲಿ ಕೂರಿಸಿತ್ತು. ಯಾವ ಕಂಪ್ಯೂಟರೂ ಕೆಡಲಿಲ್ಲ. ನಾನು ಮಾತ್ರ ಆಂಟಿಯ ಮನೆಯ ಮೂರನೇ ಅಂತಸ್ತಿನಲ್ಲಿ ಉಳಿದುಬಿಟ್ಟೆ.

ಹಜಾರದ ಗೋಡೆಯ ಮೇಲೆ ಒಂದು ಫೋಟೋ ಇತ್ತು. ಗುಡ್ಡದ ಮೇಲೆ ಕಲ್ಲಿನ ಕುಳ್ಳು ಕಂಬಗಳ ಮೇಲೆ ನಿಂತ ಒಂದು ಚಿಕ್ಕ ಮರದ ಮನೆ, ಮುಂದೆ ವರಾಂಡ, ಸೂರಿನಂಚಿಗೆ ಮರದಲ್ಲಿ ಕೊರೆದ ಜಾಲರಿ. ಆಂಟಿ ಹುಟ್ಟಿದ್ದು ಅಲ್ಲಿ. ಆ ಊರನ್ನು ಕಟ್ಟಿದವರು ಗುಲಾಮಗಿರಿಯಿಂದ ಬಿಡುಗಡೆಯಾದವರು. ಬಿಡುಗಡೆ ಸಿಕ್ಕಮೇಲೆ ಕಬ್ಬಿನ ತೋಟದ ದೊರೆಗಳ ಹಂಗು ಬೇಡವೆಂದು ಗುಡ್ಡ ಹತ್ತಿ, ಚರ್ಚಿನವರ ನೆರವಿನಿಂದ ಜಾಗ ಕೊಂಡು, ತಮ್ಮ ತಮ್ಮಲ್ಲೇ ಹಂಚಿಕೊಂಡು ಮನೆ ಕಟ್ಟಿಕೊಂಡಿದ್ದರು. ಮುಂದೆ ಆ ಊರಿನವರು ಲೀಡ್ಸ್‌ಗೆ ಕೆಲಸ ಹುಡುಕಿಕೊಂಡು ಬಂದಾಗ ಯಾರೂ ಇವರಿಗೆ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ಹಾಗಾಗಿ ಆಂಟಿಯೂ ಗಂಡನೂ ಊರಿನವರ ಜೊತೆ ಚೀಟಿ ಹಾಕಿ ಈ ಹಳೇ ಮನೆಯನ್ನೇ ಕೊಂಡರು. ಹೊಸದಾಗಿ ಬಂದ ಊರಿನವರೆಲ್ಲ ಮೊದಲು ಇಳಿದುಕೊಂಡಿದ್ದು ಇಲ್ಲೇ. ಆಗಸ್ಟ್ ಒಂದು ಅವರ ಬಿಡುಗಡೆಯ ದಿನ. ಅವತ್ತು ಊರಿನವರೆಲ್ಲ ಮುಂಬಾಗಿಲಿನಿಂದ ಒಳಗೆ ಬರುತ್ತಿದ್ದರು.

ಇನ್ನು ಆ ನೆಲದ ವಿಷಯ. ಸಾಹುಕಾರ ಹಾಕಿಸಿದ್ದ ಬಣ್ಣದ ಟೈಲ್ಸ್ ಅಲ್ಲಲ್ಲಿ ಒಡೆದು ಐಸಿನಂತೆ ಕೊರೆಯುತ್ತಿತ್ತಂತೆ. ಆಂಟಿಯ ಗಂಡ ಮತ್ತು ಊರಿನ ಗಂಡಸರು ಸೇರಿ ಅದರ ಮೇಲೆ ಕೆಂಪು ಬಣ್ಣ ಬೆರೆಸಿದ ಸಿಮೆಂಟು ಹಾಕಿ ನುಣುಪು ಮಾಡಿದ್ದರು. ಫೋಟೋದಲ್ಲಿದ್ದ ಮನೆಯ ವರಾಂಡದ ನೆಲವೂ ಅದೇ ಕೆಂಪು. ಪ್ರತಿ ಶನಿವಾರ ಆಂಟಿ ಅದಕ್ಕೆ ಮೇಣ ಹಚ್ಚಿ, ಒಣಗಿದ ತೆಂಗಿನಕಾಯಿಯ ಸಿಪ್ಪೆಯನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ಬ್ರಷ್ಷಿನಿಂದ ಮುಖ ಕಾಣುವ ಹಾಗೆ ಉಜ್ಜುತ್ತಿದ್ದರು. ಬೇರೆ ಯಾರೂ ಮುಟ್ಟುವಂತಿಲ್ಲ. ಕೂಲಿಗೆ ಬಂದವರು ಕೂಡದು, ನೆಂಟರು ಕೂಡದು, ಬಾಡಿಗೆಯವರಂತೂ ಕೂಡಲೇ ಕೂಡದು. ನಾನೊಮ್ಮೆ ಸಹಾಯ ಮಾಡಲೇ ಎಂದು ಕೇಳಿದ್ದಕ್ಕೆ, "ಇದು ಮನೆಯವರು ಉಜ್ಜೋ ನೆಲ, ಡಾರ್ಲಿಂಗ್" ಎಂದು ಬಾಯಿ ಮುಚ್ಚಿಸಿದ್ದರು. ನನಗೂ ಅಷ್ಟೇನೂ ಬೇಜಾರಾಗಲಿಲ್ಲ, ಶನಿವಾರ ನಿದ್ದೆ ಮಾಡಲು ಬೇರೆ ಯಾವ ನೆಪವೂ ಬೇಕಾಗಿರಲಿಲ್ಲ.

ಈ ನೆಲಕ್ಕೆ ಕುತ್ತು ಬಂದದ್ದು ಸೂರಿನಿಂದ. ಮಾಡು ಸೋರುತ್ತಿತ್ತು. ಸರಿಯಾಗಿ ನನ್ನ ಮಂಚದ ಪಕ್ಕಕ್ಕೇ ಸೋರುತ್ತಿತ್ತು, ಅಲ್ಲೊಂದು ಬಕೆಟ್ ಕಾಯಂ ಆಗಿತ್ತು. ಹಳೇ ಮನೆಗಳನ್ನು ಉಳಿಸಿಕೊಳ್ಳಲು ಕೌನ್ಸಿಲ್ಲಿನವರ, ಅಂದರೆ ಅಲ್ಲಿಯ ನಗರಸಭೆಯವರ, ಒಂದು ಯೋಜನೆ ಆ ಬೀದಿಗೂ ಬಂತು. ಮಾಡು ಪೂರ್ತಿ ಹೊಸದಾಗಿ ಹಾಕಿಕೊಡುತ್ತಾರೆ, ಕಿಟಕಿ ರಿಪೇರಿ ಮಾಡುತ್ತಾರೆ, ಆದರೆ ಮನೆ ಮೊದಲು ಹೇಗಿತ್ತೋ ಹಾಗೆ ಕಾಣಬೇಕು. ನೋಡಲು ಬಂದ ಅಧಿಕಾರಿ ಬಹಳ ಉದ್ದದ, ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಅವರಿಗೆ ನಾನು ಕೌನ್ಸಿಲ್ ಸಾಹೇಬರು ಎಂದು ಹೆಸರಿಟ್ಟಿದ್ದೆ. ಅವರು ಹಜಾರದಲ್ಲಿ ಬಗ್ಗಿ ನೋಡಿ, ಈ ಕೆಂಪು ಸಿಮೆಂಟು ಕೀಳಿಸಿ ಕೆಳಗಿನ ಟೈಲ್ಸ್ ಹೊರಗೆ ತರಬೇಕಾಗುತ್ತದೆ ಎಂದು ಹೇಳಿ, ಚಳಿಗಾಲದ ಕೊನೆಗೆ ಮತ್ತೆ ಬಂದು ತೀರ್ಮಾನ ಮಾಡುವುದಾಗಿ ತಿಳಿಸಿ ಹೋದರು. ಸೂರು ಬೇಕಾದರೆ ನೆಲ ಬಿಡಬೇಕು. ಆಂಟಿ ಅವತ್ತು ಊಟ ಮಾಡಲಿಲ್ಲ. ನನಗೋ, ನಿಜ ಹೇಳಬೇಕೆಂದರೆ, ಸೂರು ಬೇಕಾಗಿತ್ತು.

ಅಷ್ಟರಲ್ಲಿ ಆಂಟಿಯ ಮಂಡಿಗೆ ಆಪರೇಷನ್ ಆಯಿತು. ಶನಿವಾರಗಳು ಬಂದು ಹೋದವು, ನೆಲ ಮಂಕಾಗತೊಡಗಿತು. "ಹೊಳೀತಾ ಇರೋ ನೆಲ ಒಂದೇ ಒಂದು ಸಲ ನೋಡಿದ್ರೆ ಆ ಮನುಷ್ಯನಿಗೆ ಅರ್ಥ ಆಗತ್ತೆ. ಹೀಗೆ ನೋಡಿದ್ರೆ ಬರೀ ಸಿಮೆಂಟು ಅಂದ್ಕೋತಾನೆ" ಎಂದು ಆಂಟಿ ಊರುಗೋಲು ಹಿಡಿದು ಬಾಗಿಲಲ್ಲಿ ನಿಂತು ಕೊರಗುತ್ತಿದ್ದರು. ಬಗ್ಗಲು ಆಗದು, ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ.

ಇಂಥ ಹೊತ್ತಿನಲ್ಲಿ ಅಮ್ಮ ಮೈಸೂರಿನಿಂದ ಬಂದಳು. ಬಂದದ್ದು ನನ್ನನ್ನು ನೋಡುವುದಕ್ಕೆ, ಜೊತೆಗೆ ಸೂಟ್‌ಕೇಸಿನ ತಳದಲ್ಲಿ ಕೆಲವು ಗಂಡುಗಳ ಫೋಟೋ ತೋರಿಸುವುದಕ್ಕೆ. ಟ್ಯಾಕ್ಸಿಯಿಂದ ಇಳಿದವಳನ್ನು ನಾನು ಓಣಿಯ ಕಡೆ ಕರೆದುಕೊಂಡು ಹೊರಟರೆ ಅಲ್ಲೇ ನಿಂತುಬಿಟ್ಟಳು. "ಮೊದಲ್ನೇ ಸಲ ಒಬ್ಬರ ಮನೆಗೆ ಬರ್ತಾ ಇದೀನಿ, ಹಿತ್ತಲ ಬಾಗಿಲಿಂದ ಬರ್ಲಾ? ನಾನೇನು ಕಳ್ಳೀನಾ?" ಮಾತು ಅರ್ಥವಾಗದಿದ್ದರೂ ಆಂಟಿಗೆ ಧಾಟಿ ಅರ್ಥವಾಯಿತು. ಊರುಗೋಲು ಕುಟ್ಟಿಕೊಂಡು ಹೋಗಿ ಮುಂಬಾಗಿಲು ತೆಗೆದರು. ಅಮ್ಮ ಹೊಸ್ತಿಲಾಚೆಯೇ ಶೂ ಕಳಚಿ, ಸಾಕ್ಸೂ ಕಳಚಿ, ಬಲಗಾಲಿಟ್ಟು ಒಳಗೆ ಬಂದು ಕೆಳಗೆ ನೋಡಿದಳು.

"ಅಯ್ಯೋ, ನಮ್ಮನೆ ನೆಲ ಕಣೆ!"

ನಮ್ಮ ಮೈಸೂರಿನ ಮನೆಯದ್ದೂ ರೆಡ್ ಆಕ್ಸೈಡ್ ನೆಲ. ನಾನು ವರ್ಷಗಟ್ಟಲೆ ಈ ನೆಲವನ್ನು ನೋಡಿಯೂ ನನಗೆ ಅದು ಹೊಳೆದಿರಲಿಲ್ಲ. ಶೂ ಬಿಟ್ಟು ಬಂದ ಅಮ್ಮನ ಬರಿಗಾಲನ್ನು ಆಂಟಿ ಮೆಚ್ಚುಗೆಯಿಂದ ನೋಡಿದರು. ಅವತ್ತಿನಿಂದ ಇಬ್ಬರಿಗೂ ನನ್ನ ಅಗತ್ಯ ತಪ್ಪಿತು. ಅಮ್ಮ ಕನ್ನಡದಲ್ಲಿ, ಆಂಟಿ ತಮ್ಮ ಊರಿನ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತ, ಟಿವಿಯ ಅಡುಗೆ ಕಾರ್ಯಕ್ರಮಗಳನ್ನು ಒಟ್ಟಿಗೆ ಬೈಯುತ್ತ ಕಾಲ ಕಳೆದರು. ನೆಲದ ಸಂಕಟವನ್ನು ಮಾತ್ರ ನಾನೇ ಅಮ್ಮನಿಗೆ ಬಿಡಿಸಿ ಹೇಳಿದ್ದೆ. ಮನೆಯವರ ಹೊರತು ಯಾರೂ ಮುಟ್ಟಬಾರದು ಎಂಬುದನ್ನೂ ಹೇಳಿದ್ದೆ. ಅಮ್ಮ ಮೊದಲನೆಯದನ್ನು ಕೇಳಿಸಿಕೊಂಡಳು, ಎರಡನೆಯದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಾಹೇಬರು ಬರುವ ಹಿಂದಿನ ದಿನ ನಾನು ಆಫೀಸಿಗೆ ಹೋಗಿದ್ದೆ, ಆಂಟಿ ಮಂಡಿ ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಅಮ್ಮ ತಲೆಗೆಂದು ತಂದಿದ್ದ ಕೊಬ್ಬರಿ ಎಣ್ಣೆಯ ದೊಡ್ಡ ಬಾಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಹಜಾರದ ನೆಲಕ್ಕೆ ಧಾರಾಳವಾಗಿ ಸುರಿದು, ತನ್ನ ಹಳೇ ಸೀರೆಯ ತುಂಡಿನಿಂದ ಬಳಿದಳು. ಮೈಸೂರಿನಲ್ಲಿ ನಮ್ಮ ನೆಲ ಹೊಳೆಯುತ್ತಿದ್ದುದು ಹೀಗೆಯೇ. ಬಳಿದು ನೋಡಿದಾಗ ಹಜಾರ ಕನ್ನಡಿಯಂತಿತ್ತಂತೆ. ಆಂಟಿಗೆ ಬೆಳಿಗ್ಗೆ ತೋರಿಸಿ ಖುಷಿಪಡಿಸೋಣವೆಂದು ಒಳಬಾಗಿಲು ಎಳೆದುಕೊಂಡು ಸುಮ್ಮನಾದಳು. ನಾನೂ ಆಂಟಿಯೂ ಎಂದಿನಂತೆ ಹಿಂಬಾಗಿಲಿನಿಂದ ಬಂದು, ಸಾರು ಅನ್ನ ತಿಂದು, ಅಡುಗೆಮನೆಯ ಪಕ್ಕದ ಸಣ್ಣ ಮೆಟ್ಟಿಲು ಹತ್ತಿ ಮಲಗಿದೆವು.

ಬೆಳಿಗ್ಗೆ ಆಂಟಿ ಕಿರುಚಿದ್ದು ಮೂರನೇ ಅಂತಸ್ತಿಗೆ ಕೇಳಿಸಿತು. ನಾನು ಇಳಿದು ಬಂದು ನೋಡಿದರೆ ಕೆಂಪು ನೆಲವೇ ಇಲ್ಲ. ಹೀಟರ್ ಇಲ್ಲದ ಆ ಹಜಾರದ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ, ಬಾಗಿಲಿನಿಂದ ಮೆಟ್ಟಿಲಿನವರೆಗೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು.

"ಯಾರು ನನ್ನ ನೆಲ ಮುಟ್ಟಿದ್ದು, ಮೇಡಂ?" ಎಂದರು ಆಂಟಿ ನನ್ನ ಕಡೆ ತಿರುಗಿ.

ಅಮ್ಮ ನನ್ನ ಹಿಂದೆ ಬಂದು ನಿಂತಿದ್ದಳು. "ಬಾಟಲಲ್ಲಿ ಗಟ್ಟಿಯಾಗತ್ತೆ ಅಂತ ಗೊತ್ತು. ನೆಲದ ಮೇಲೂ ಗಟ್ಟಿಯಾಗತ್ತೆ ಅಂತ ಯಾರಿಗೆ ಗೊತ್ತು?" ಎಂದು ನನ್ನನ್ನೇ ಗದರಿದಳು. ಆಮೇಲೆ ದನಿ ಇಳಿಸಿ, "ಅವರ ಮಂಡಿ ನೋಡಕ್ಕಾಗ್ಲಿಲ್ಲ ಕಣೆ, ಅದಕ್ಕೆ ಮಾಡ್ದೆ ಅಂತ ಹೇಳೆ" ಎಂದಳು. ಹೇಳಿದೆ. ಆಂಟಿ ಅಮ್ಮನನ್ನು ನೋಡಿದರು, ನೆಲವನ್ನು ನೋಡಿದರು, ಗಡಿಯಾರವನ್ನು ನೋಡಿದರು. ನಾನು ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದುಬಿಡೋಣ ಎಂದೆ. ಇಬ್ಬರೂ ಒಟ್ಟಿಗೆ, ಎರಡು ಭಾಷೆಯಲ್ಲಿ, "ಬೇಡ!" ಎಂದು ಕೂಗಿದರು.

ಆಂಟಿ ಮೆಟ್ಟಿಲ ಕೆಳಗಿನ ಗೂಡಿನಿಂದ ತೆಂಗಿನ ಬ್ರಷ್ ತೆಗೆದರು. ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ಅಮ್ಮನ ಕೈಗೆ ಕೊಟ್ಟರು. ಅಮ್ಮ ಸೀರೆ ಎತ್ತಿ ಕಟ್ಟಿ ಮಂಡಿಯೂರಿ ಉಜ್ಜಲು ಶುರು ಮಾಡಿದಳು. ಉಜ್ಜಿದ ಬಿಸಿಗೆ ಎಣ್ಣೆ ಕರಗಿ ಬಿಳಿಯ ಅಡಿಯಿಂದ ಕೆಂಪು ಮೇಲೆದ್ದು ಬಂತು. ಆಂಟಿ ಕುರ್ಚಿ ಹಾಕಿಸಿಕೊಂಡು ಕೂತು ಊರುಗೋಲಿನಿಂದ "ಅಲ್ಲಿ, ಇಲ್ಲಿ, ಇನ್ನೂ ಜೋರಾಗಿ" ಎಂದು ತೋರಿಸುತ್ತಿದ್ದರು. ಅರ್ಧ ಹಜಾರ ಮುಗಿದಿತ್ತು, ಕರಗಿದ ಎಣ್ಣೆಯನ್ನು ಒರೆಸುವುದು ಬಾಕಿಯಿತ್ತು. ಆಗ ಬೆಲ್ ಆಯಿತು.

ಸಾಹೇಬರು ಬಾಗಿಲಲ್ಲಿ ನಿಂತು ಗುಡ್ ಮಾರ್ನಿಂಗ್ ಎಂದು ಒಳಗೆ ಕಾಲಿಡುವುದರಲ್ಲಿದ್ದರು. ನೆಲದ ಮೇಲಿಂದ ಅಮ್ಮ ತಲೆಯೆತ್ತಿ ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ, "ಶೂ! ಶೂ! ಪ್ಲೀಸ್!" ಎಂದಳು. ಯಾವ ದೇಶಕ್ಕೆ ಬಂದರೂ ಶೂ ಹಾಕಿಕೊಂಡು ಮನೆಯೊಳಗೆ ಬರುವವರನ್ನು ಅಮ್ಮ ಬಿಟ್ಟವಳಲ್ಲ. ಆ ಮನುಷ್ಯ ಮರ್ಯಾದಸ್ಥ. ಕ್ಷಮೆ ಕೇಳಿ, ಬಗ್ಗಿ, ಶೂ ಬಿಚ್ಚಿ, ದಪ್ಪ ಉಣ್ಣೆಯ ಸಾಕ್ಸಿನಲ್ಲಿ ಕೊಬ್ಬರಿ ಎಣ್ಣೆಯ ಮೇಲೆ ಹೆಜ್ಜೆಯಿಟ್ಟರು.

ಅವರು ಬೀಳಲಿಲ್ಲ, ಮೊದಲು ಹೊರಟರು. ಕೈಲಿದ್ದ ಫೈಲನ್ನು ಎದೆಗವಚಿಕೊಂಡು, ಮುಖದಲ್ಲಿ ಒಂಚೂರೂ ಬದಲಾವಣೆಯಿಲ್ಲದೆ, ಅಮ್ಮನನ್ನು ದಾಟಿ, ಆಂಟಿಯ ಕುರ್ಚಿಯನ್ನು ದಾಟಿ, ಮೆಟ್ಟಿಲಿನವರೆಗೆ ನಿಂತ ನಿಲುವಿನಲ್ಲೇ ಜಾರಿಕೊಂಡು ಹೋದರು. ಅಲ್ಲಿ ಹೋಗಿ ಧೊಪ್ಪನೆ ಕೂತರು. ಅಮ್ಮ "ಅಯ್ಯಯ್ಯೋ" ಎಂದಳು, ಆಂಟಿ ಯೇಸುವನ್ನು ಕರೆದರು. ನಾನು ನಗು ತಡೆಯಲು ಬಾಗಿಲಿನ ಪರದೆಯೊಳಗೆ ಮುಖ ಹುದುಗಿಸಿಕೊಂಡೆ. ಹೋಯಿತು, ನೆಲವೂ ಹೋಯಿತು, ಸೂರೂ ಹೋಯಿತು ಎಂದುಕೊಂಡೆ.

ಆದರೆ ಆಂಟಿ ನರ್ಸಲ್ಲವೇ? "ಅಲ್ಲಾಡಬೇಡಿ!" ಎಂದು ಗುಡುಗಿದರು. ಊರುಗೋಲೂರಿ ಹತ್ತಿರ ಹೋಗಿ ಅವರ ಕಾಲು ಮಡಿಸಿ ನೋಡಿ, ಸೊಂಟ ಒತ್ತಿ ನೋಡಿ, ಏನೂ ಮುರಿದಿಲ್ಲ, ಆದರೂ ಕೂಡಲೇ ಏಳಬಾರದು, ಹಾಗೇ ಕೂತಿರಬೇಕು ಎಂದು ಅಪ್ಪಣೆ ಮಾಡಿದರು. ಅಮ್ಮ ಓಡಿಹೋಗಿ ಡಿಕಾಕ್ಷನ್ ಬೆರೆಸಿ ಕಾಫಿ ತಂದಳು. ಹೀಗೆ ಕೌನ್ಸಿಲ್ ಸಾಹೇಬರು ಕಾಲು ಚಾಚಿ ಕೆಂಪು ನೆಲದ ಮೇಲೆ ಕೂತು, ಲೋಟದಲ್ಲಿ ಮೈಸೂರು ಕಾಫಿ ಕುಡಿಯುತ್ತ, ಬೇರೆ ದಾರಿಯಿಲ್ಲದೆ ಆಂಟಿಯ ಮಾತು ಕೇಳಬೇಕಾಯಿತು. ಅಮ್ಮನೂ ಕೆಳಗೇ ಕೂತಳು. ನಾನೂ ಕೂತೆ.

ಸಾಹೇಬರು ನೆಲವನ್ನು ಅಂಗೈಯಿಂದ ಸವರಿದರು. "ಚೆನ್ನಾಗಿದೆ. ಆದರೆ ಇದರ ಕೆಳಗಿರೋದು ವಿಕ್ಟೋರಿಯಾ ಕಾಲದ ಅಸಲಿ ನೆಲ. ನಮ್ಮ ಕೆಲಸ ಅದನ್ನ ಉಳಿಸೋದು" ಎಂದರು.

ಆಂಟಿ ಗೋಡೆಯ ಫೋಟೋ ತೋರಿಸಿದರು. "ಆ ಮನೆ ಕಟ್ಟಿಸಿದ್ದು ನನ್ನ ಅಜ್ಜಿಯ ಅಜ್ಜಿ. ಅದಕ್ಕೆ ಮೊದಲು ಆಕೆ ತೋಟದ ದೊರೆಯ ದೊಡ್ಡಮನೆಯಲ್ಲಿ ಗುಲಾಮಳು. ಆಕೆಯ ಕೆಲಸ ಒಂದೇ, ನೆಲ ಉಜ್ಜೋದು. ಹುಡುಗಿ ಆಗಿದ್ದಾಗಿಂದ ಮಂಡಿಯೂರಿ, ಇದೇ ಥರದ ತೆಂಗಿನ ಬ್ರಷ್ಷಲ್ಲಿ. ತಾನು ಉಜ್ಜಿದ ನೆಲದ ಮೇಲೆ ಒಂದು ದಿನವೂ ಶೂ ಹಾಕಿ ನಡೆದವಳಲ್ಲ. ಬಿಡುಗಡೆ ಆದ್ಮೇಲೆ ಗುಡ್ಡದ ಮೇಲೆ ಸ್ವಂತ ಮನೆ ಆಯ್ತು. ಅವತ್ತು ಆಕೆ ಬ್ರಷ್ ಬಿಸಾಕಬಹುದಿತ್ತು. ಬಿಸಾಕಲಿಲ್ಲ. ತನ್ನ ನೆಲಕ್ಕೆ ಕೆಂಪು ಹಚ್ಚಿ ತಾನೇ ಉಜ್ಜಿದಳು. ಈ ನೆಲ ನಂದು, ಇದನ್ನ ನಾನು ಉಜ್ತೀನಿ, ಇನ್ಯಾರ ಕೈಲೂ ಉಜ್ಜಿಸಲ್ಲ ಅಂದಳಂತೆ. ನಮ್ಮನೇಲಿ ಅವತ್ತಿಂದ ಅದೇ ನಡ್ಕೊಂಡು ಬಂದಿದೆ."

ನನಗೆ ಆ ನಿಯಮದ ಕಾರಣ ತಿಳಿದದ್ದು ಆಗಲೇ. ಅಮ್ಮನಿಗೆ ಅನುವಾದ ಮಾಡಿ ಹೇಳುವಾಗ ನಡುವೆ ಒಮ್ಮೆ ನಿಲ್ಲಿಸಬೇಕಾಯಿತು.

ಆಂಟಿ ಮುಂದಕ್ಕೆ ಬಾಗಿದರು. "ಆಕೆಗೆ ಬಿಡುಗಡೆ ಆದಾಗ ಇಲ್ಲಿ ಪಟ್ಟದ ಮೇಲೆ ಯಾರು ಕೂತಿದ್ರು, ಹೇಳಿ?"

ಸಾಹೇಬರು ಲೆಕ್ಕ ಹಾಕಿದರು. "ವಿಕ್ಟೋರಿಯಾ ರಾಣಿ. ಆಗಷ್ಟೇ ಪಟ್ಟಕ್ಕೆ ಬಂದಿದ್ದು."

"ಮತ್ತೆ? ಗಿರಣಿ ಸಾಹುಕಾರನಿಗೂ ಅದೇ ರಾಣಿ, ನಮ್ಮಜ್ಜಿಯ ಅಜ್ಜಿಗೂ ಅದೇ ರಾಣಿ. ಅವನ ನೆಲ ವಿಕ್ಟೋರಿಯಾ ಕಾಲದ್ದು ಅಂದ್ರೆ ಈ ಕೆಂಪೂ ಆ ಕಾಲದ್ದೇ. ಅವನದಕ್ಕಿಂತ ಹಳೇದು."

ಸಾಹೇಬರು ಫೋಟೋವನ್ನೇ ನೋಡುತ್ತ ಕೂತರು. ನಾನು ನಡುವೆ ಬಾಯಿ ಹಾಕಿ ನಮ್ಮ ಮೈಸೂರಿನ ಮನೆಯಲ್ಲೂ ಇಂಥದೇ ನೆಲವಿದೆ ಎಂದುಬಿಟ್ಟೆ. ಆಂಟಿ ಅಮ್ಮನನ್ನು ಕೇಳಿದರು, "ಅಲ್ಲಿ ಉಜ್ಜೋದು ಯಾರು? ನೀವೇನಾ?" ನಾನು ಅನುವಾದಿಸದೆ ತಪ್ಪಿಸಿಕೊಳ್ಳಲು ನೋಡಿದೆ. ಅಮ್ಮ ಬಿಡಲಿಲ್ಲ, ಕೇಳಿ ತಿಳಿದುಕೊಂಡು ಉತ್ತರ ಕೊಟ್ಟಳು. "ಇಲ್ಲಪ್ಪ. ಕೆಲಸದವಳು ಉಜ್ಜೋಳು, ನಾನು ನಿಂತ್ಕೊಂಡು ಹೇಳ್ತಿದ್ದೆ. ಎಣ್ಣೆ ಎಷ್ಟು ಹಾಕ್ಬೇಕು, ಹೇಗೆ ಒರೆಸ್ಬೇಕು ಅಂತ ಅವಳಿಗೇ ಗೊತ್ತು, ನನಗೆಲ್ಲಿ ಗೊತ್ತು? ಅದಕ್ಕೇ ಹೀಗಾಗಿದ್ದು."

"ಹಾಗಾದ್ರೆ ನೀವು ದೊಡ್ಡಮನೆಯವರು!" ಎಂದು ಆಂಟಿ ಕುರ್ಚಿ ಅಲುಗುವಂತೆ ನಕ್ಕರು. ಅಮ್ಮನ ಮುಖ ಕೆಂಪಾಯಿತು. ಆದರೆ ಎಣ್ಣೆ ಮೆತ್ತಿದ ತನ್ನ ಕೈಗಳನ್ನು ನೋಡಿಕೊಂಡು ಅವಳೂ ನಕ್ಕಳು. ಸಾಹೇಬರು ಎದ್ದು ನಿಂತಾಗ ಅವರ ಪ್ಯಾಂಟಿನ ಹಿಂಭಾಗದಲ್ಲಿ ದುಂಡಗೆ ಕೆಂಪು ಅಚ್ಚೊತ್ತಿತ್ತು. ತೀರ್ಮಾನ ತಮ್ಮೊಬ್ಬರ ಕೈಯಲ್ಲಿಲ್ಲ, ಸಮಿತಿಯ ಮುಂದೆ ಹೇಳುತ್ತೇನೆ ಎಂದು, ಗೋಡೆ ಹಿಡಿದುಕೊಂಡು ನಡೆದು ಹೋದರು. ಪ್ಯಾಂಟಿನ ವಿಷಯ ಹೇಳಲು ನಮಗ್ಯಾರಿಗೂ ಧೈರ್ಯ ಬರಲಿಲ್ಲ.

ಆಮೇಲೆ ವಾರಗಟ್ಟಲೆ ಸುದ್ದಿಯಿಲ್ಲ. ಮಳೆ ಮಾತ್ರ ತಪ್ಪದೆ ಬಂತು, ನಾನು ತಪ್ಪದೆ ಬಕೆಟ್ ಚೆಲ್ಲಿದೆ. ನನಗೀಗ ಸೂರಿನ ಆಸೆ ಹೋಗಿತ್ತು. ನೆಲ ಉಳಿದರೆ ಇನ್ನೊಂದು ಬಕೆಟ್ ಇಟ್ಟುಕೊಂಡೇನು ಎಂದು ಆಂಟಿಗೆ ಹೇಳಿದೆ. ಅವರು ನನ್ನ ಕೆನ್ನೆ ಹಿಂಡಿದರು. ಅವರಿಗೆ ಊಟ ಸೇರುತ್ತಿರಲಿಲ್ಲ, ಅಮ್ಮ ಅನ್ನವನ್ನು ಮೆತ್ತಗೆ ಕಲಸಿ ಒತ್ತಾಯ ಮಾಡಿ ತಿನ್ನಿಸುತ್ತಿದ್ದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲು ಬಡಿದ ಸದ್ದಾಯಿತು. ಸಾಹೇಬರು! ಕಸದ ಡಬ್ಬಿಯ ಪಕ್ಕದಿಂದ, ಓಣಿಯ ದಾರಿಯಲ್ಲಿ, ಮನೆಯವರ ಹಾಗೆ ಬಂದಿದ್ದರು. ಮಾಡು ಹಾಕಿಕೊಡುತ್ತಾರೆ. ಕೆಂಪು ನೆಲವೂ ಈ ಮನೆಯ ಚರಿತ್ರೆಯೇ ಎಂದು ಸಮಿತಿ ಒಪ್ಪಿದೆ. ಹೊಸ್ತಿಲ ಹತ್ತಿರ ಒಂದು ಪಟ್ಟಿಯಷ್ಟು ಜಾಗದಲ್ಲಿ ಮಾತ್ರ ಹಳೇ ಟೈಲ್ಸ್ ಕಾಣುವಂತೆ ಬಿಡಿಸಬಹುದೇ ಎಂದು ಕೇಳಿದರು. ಆಂಟಿ ಬಹಳ ಹೊತ್ತು ಯೋಚಿಸುವಂತೆ ನಟಿಸಿ, "ಇರಲಿ, ಸಾಹುಕಾರನಿಗೂ ಸ್ವಲ್ಪ ಜಾಗ ಇರಲಿ" ಎಂದರು. ಆಮೇಲೆ ಅಮ್ಮನನ್ನು ತಬ್ಬಿಕೊಂಡು ಅತ್ತರು.

ಆಗಸ್ಟ್ ಒಂದರ ಹಿಂದಿನ ದಿನ ಆಂಟಿ ಅಮ್ಮನನ್ನು ಹಜಾರಕ್ಕೆ ಕರೆದರು. ಮಂಡಿ ಆ ಹೊತ್ತಿಗೆ ವಾಸಿಯಾಗಿತ್ತು. ಅವರ ಕೈಯಲ್ಲಿ ಎರಡು ತೆಂಗಿನ ಬ್ರಷ್ ಇದ್ದವು, ಒಂದು ಹೊಸದು. ಕಾಲಿನ ತುದಿಯಿಂದ ನೆಲದ ನಡುವೆ ಒಂದು ಗೆರೆ ಎಳೆದಂತೆ ಮಾಡಿ ನನಗೆ ಹೇಳಿದರು, "ನಿಮ್ಮಮ್ಮನಿಗೆ ಹೇಳು. ಬಾಗಿಲಿಂದ ಇಲ್ಲೀವರೆಗೆ ನಂದು. ಇಲ್ಲಿಂದ ಮೆಟ್ಟಿಲವರೆಗೆ ಅವರದು." ಅಮ್ಮ ಸೆರಗು ಸಿಕ್ಕಿಸಿಕೊಂಡು ತನ್ನ ಪಾಲಿಗೆ ಹೋಗಿ ಕೂತಳು. ಈ ಸಲ ಎಣ್ಣೆ ಇರಲಿಲ್ಲ, ಆಂಟಿಯ ಮೇಣವೇ. ಮರುದಿನ ಊರಿನವರೆಲ್ಲ ಮುಂಬಾಗಿಲಿನಿಂದ ಬಂದರು. ಸಾಹೇಬರೂ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಯಾರೂ ಹೇಳದೆಯೇ ಶೂ ಬಿಚ್ಚಿ, ಸಾಕ್ಸನ್ನೂ ಬಿಚ್ಚಿ ಜೇಬಿಗಿಟ್ಟುಕೊಂಡರು.

ಅಮ್ಮ ಮೈಸೂರಿಗೆ ಹೋದ ಮೇಲೆ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದೆ. ಅಲ್ಲಿ ಅವಳು ನಡುಮನೆಯ ನೆಲವನ್ನು ತಾನೇ ಉಜ್ಜಲು ಶುರು ಮಾಡಿದ್ದಳು. ಕೆಲಸದವಳು ಮೊದಲು ತನ್ನನ್ನು ಬಿಡಿಸುತ್ತಾರೇನೋ ಎಂದು ಹೆದರಿದ್ದಳಂತೆ. ಈಗ ಕಾಫಿ ಕುಡಿಯುತ್ತ ಕೂತು, "ಅಮ್ಮಾವ್ರೇ, ಆ ಮೂಲೇಲಿ ಬಿಟ್ಟಿದೀರ" ಎಂದು ತಪ್ಪು ತೋರಿಸುತ್ತಾಳಂತೆ.

ಒಂದು ಭಾನುವಾರ ಅಮ್ಮ ಕೇಳಿದಳು, "ಅಲ್ಲಿ ನನ್ನ ಪಾಲು ಯಾರು ಉಜ್ತಾರೆ? ನೀನಾ?"

"ಯಾರೂ ಇಲ್ಲ. ಆಂಟಿ ಮುಟ್ಟಲ್ಲ, ನನಗೂ ಮುಟ್ಟೋಕೆ ಬಿಡಲ್ಲ. ಬಾಗಿಲ ಕಡೆ ಫಳಫಳ ಅಂತಿದೆ, ಮೆಟ್ಟಿಲ ಕಡೆ ಮಂಕಾಗಿದೆ. ಅದು ನಿಂದಂತೆ. ನೀನೇ ಬಂದು ಉಜ್ಜಬೇಕಂತೆ."

"ಹಾಗೇ ಬಿಟ್ಟಿದಾರಾ?" ಎಂದಳು ಅಮ್ಮ. ದನಿ ಒಡೆದಿತ್ತು. "ಎಷ್ಟು ಧೂಳು ಕೂತಿದ್ಯೋ ಏನೋ. ಟಿಕೆಟ್ ಮಾಡ್ಸೆ, ಬರ್ತೀನಿ."